ಕ್ರೀಟ್‌ಗೆ ಹೋದರೆ ಮೀನನ್ನು ಕಣ್ಣೆದುರೇ ತೂಗಿಸಿ

ಮಲ್ಪೆಯಲ್ಲಿ ಮೀನು ನೋಡಿಕೊಂಡೇ ಬೆಳೆದವಳು ನಾನು. ಕಿವಿರು ಎತ್ತಿ ನೋಡದೆ ಒಂದು ಬಂಗುಡೆಯನ್ನೂ ಚೀಲಕ್ಕೆ ಹಾಕಿಸಿಕೊಂಡವಳಲ್ಲ. ಅಂಥವಳು ಗ್ರೀಸಿನ ಕ್ರೀಟ್ ದ್ವೀಪದಲ್ಲಿ ಒಂದೇ ಒಂದು ಮೀನಿಗೆ 119 ಯೂರೋ ತೆತ್ತು ಬಂದೆ.

ಹನಿಯಾ ಊರಿನ ಹಳೇ ಬಂದರು, ವೆನಿಸ್‌ನವರು ಕಟ್ಟಿದ್ದು. ನೀರಿನಂಚಿಗೆ ಸಾಲಾಗಿ ತವೆರ್ನಾಗಳು, ಅಂದರೆ ಅಲ್ಲಿನ ಊಟದ ಹೋಟೆಲುಗಳು, ಬಾಗಿಲಲ್ಲಿ ಕರೆಯುವವರು. ಒಬ್ಬ 'ನಮಸ್ತೆ' ಅಂದ, ನಮ್ಮವರು ಅಷ್ಟಕ್ಕೇ ಕೂತುಬಿಟ್ಟರು. ಮೆನು ಕೊಡುವ ಮೊದಲೇ ಐಸಿನ ಮೇಲೆ ಮಲಗಿಸಿದ್ದ ಮೀನುಗಳ ಹತ್ತಿರ ಕರೆದೊಯ್ದು, "ಸಿನಗ್ರೀದ, ಇವತ್ತಿನದೇ" ಅಂದ. ಕಣ್ಣು ಹೊಳೆಯುತ್ತಿತ್ತು, ಕಿವಿರು ಕೆಂಪಗಿತ್ತು. ಮೀನಿನ ವಿಷಯದಲ್ಲಿ ಅವನು ಸುಳ್ಳಾಡಲಿಲ್ಲ. ರೇಟು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ತಕ್ಕಡಿ ಕಣ್ಣಿಗೇ ಬೀಳಲಿಲ್ಲ.

ಬಿಲ್ಲಿನಲ್ಲಿ 1.4 ಕಿಲೋ, ಕಿಲೋಗೆ 85 ಯೂರೋ. ಮೆನುವಿನ ಕೊನೇ ಪುಟದಲ್ಲಿ ಅದೇ ದರ ಸಣ್ಣಕ್ಷರದಲ್ಲಿತ್ತು. ಇನ್ನು ತೂಕದ ತಕರಾರು ತೆಗೆಯೋಣವೆಂದರೆ ತಟ್ಟೆಯಲ್ಲಿ ಉಳಿದಿದ್ದು ಮುಳ್ಳು! ಕೇಳದೆ ತಂದಿಟ್ಟ ಬ್ರೆಡ್ಡಿಗೆ ತಲಾ 2 ಯೂರೋ ಬೇರೆ. ಬೇಡ ಅಂತ ಆಗಲೇ ವಾಪಸ್ ಕಳಿಸಬೇಕಿತ್ತು.

ತಾಜಾ ಮೀನನ್ನು ತೂಕದ ಮೇಲೆ ಮಾರುವುದು ಅಲ್ಲಿನ ಪದ್ಧತಿಯೇ, ಮೋಸವಲ್ಲ. ಹಸಿ ಮೀನನ್ನೇ ತೂಗುತ್ತಾರೆ, ತಲೆ ಮುಳ್ಳು ಎಲ್ಲ ಸೇರಿ. ಹಾಗಾಗಿ ಎದುರಿಗೇ ತೂಗಿಸಿ, ಒಟ್ಟು ಎಷ್ಟಾಗುತ್ತದೆಂದು ಬಾಯಿಬಿಟ್ಟು ಕೇಳಿ, ಆಮೇಲೆ ಒಲೆಗೆ ಕಳಿಸಿ. ಮೆನುವಿನಲ್ಲಿ ಹೆಸರಿನ ಪಕ್ಕ ನಕ್ಷತ್ರದ ಗುರುತಿದ್ದರೆ ಸಾಮಾನ್ಯವಾಗಿ ಅದು ಫ್ರೀಜರ್ ಮಾಲು. ರಸೀದಿ ಕೊಡದಿದ್ದರೆ ಗಿರಾಕಿ ದುಡ್ಡು ಕೊಡಬೇಕಿಲ್ಲ ಅಂತ ಅಲ್ಲಿ ಕಾನೂನೇ ಇದೆ. ನಮಗೇನು, ರಸೀದಿ ಚೆನ್ನಾಗಿಯೇ ಕೊಟ್ಟರು.

ಸಸ್ಯಾಹಾರಿಗಳಿಗೆ ಬೇರೆಯೇ ಗುಂಡಿ ಇದೆ. ಜೊತೆಗಿದ್ದ ಗೆಳತಿ 'ಗಮೋಪಿಲಾಫೋ' ಕಂಡು ಬೆಣ್ಣೆ ಹಾಕಿದ ಅನ್ನ ಅಂದುಕೊಂಡು ಖುಷಿಪಟ್ಟಳು. ಮದುವೆ ಮನೆಯ ಆ ಅನ್ನ ಬೇಯುವುದೇ ಮಾಂಸದ ಸಾರಿನಲ್ಲಿ. ಚಮಚ ಬಾಯಿಗೆ ಹೋಗುವಷ್ಟರಲ್ಲಿ ಪಕ್ಕದ ಮೇಜಿನವರು ತಡೆದರು. 'ನಿಸ್ತೀಸಿಮೋ' ಅಂದರೆ ಉಪವಾಸದ ಅಡುಗೆ: ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಅವರ ಉಪವಾಸಕ್ಕೆ ಸಿಗಡಿ ನಡೆಯುತ್ತದೆ, ಅದನ್ನೂ ಕೇಳಿಕೊಳ್ಳಿ.

ಮರುದಿನ ಬಂದರು ಬಿಟ್ಟು ಒಳಗಿನ ಸ್ಪ್ಲಾಂಜಿಯಾ ಚೌಕದ ಕಡೆ ನಡೆದೆವು. ಬಾರ್ಲಿಯ ಗಟ್ಟಿ ರಸ್ಕಿನ ಮೇಲೆ ತುರಿದ ಟೊಮೆಟೊ, ಮಿಜಿತ್ರಾ ಚೀಸು, ಮೇಲೆ ಆಲಿವ್ ಎಣ್ಣೆ ಸುರಿದ ದಾಕೋಸ್. ನಿಂಬೆ ಹಿಂಡಿದ ಬೇಯಿಸಿದ ಸೊಪ್ಪು. ಮೂವರಿಗೆ 31 ಯೂರೋ. ಬಿಲ್ಲಿನ ಜೊತೆ ಕಲ್ಲಂಗಡಿ ಹೋಳು, ಪುಟ್ಟ ಸೀಸೆಯಲ್ಲಿ ರಾಕಿ ಎಂಬ ಅಲ್ಲಿನ ಮದ್ಯ ಬಂತು, ಪುಕ್ಕಟೆ. ನಮ್ಮವರು ಸೀಸೆ ಮುಟ್ಟಲಿಲ್ಲ. "ಮೊದಲು ಕೇಳು ಮಾರಾಯ್ತಿ, ಇದೂ ಕಿಲೋ ಲೆಕ್ಕವಾ?"