ಸೋಗೆ ಪುಡಿ ಮಾಡುವ ಯಂತ್ರ ಬಾಡಿಗೆಗೆ ತರುವವರು ಮೊದಲು ಸ್ಟಾರ್ಟರ್ ನೋಡಿ

ಗೊಬ್ಬರ ಮಾಡಲೆಂದು ಅಡಿಕೆ ಸೋಗೆ, ಹಾಳೆ ಪುಡಿ ಮಾಡುವ ಯಂತ್ರವನ್ನು ಬಾಡಿಗೆಗೆ ತರುವವರಿದ್ದರೆ ದಯವಿಟ್ಟು ಇದನ್ನು ಓದಿ. ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಇಂಥ ಯಂತ್ರಕ್ಕೆ ಸಿಕ್ಕಿ, ಬಹಳ ಕಾಲದಿಂದ ನಮ್ಮಲ್ಲಿ ಕೆಲಸ ಮಾಡುತ್ತಿರುವವರೊಬ್ಬರು ಬಲಗೈಯ ಎರಡು ಬೆರಳು ಕಳೆದುಕೊಂಡರು.

ಹಸಿ ಹಾಳೆ ಹಾಕುತ್ತಿದ್ದಾಗ ಕರೆಂಟ್ ಹೋಯಿತು. ಬ್ಲೇಡಿಗೆ ನಾರು ಸುತ್ತಿಕೊಂಡಿತ್ತು. ಹೇಗೂ ನಿಂತಿದೆಯಲ್ಲ, ಬಿಡಿಸಿಬಿಡೋಣ ಎಂದು ಅವರು ಕೈ ಹಾಕಿದರು. ಅಷ್ಟರಲ್ಲಿ ಕರೆಂಟ್ ಬಂತು. ಯಾರೂ ಗುಂಡಿ ಒತ್ತಲಿಲ್ಲ. ಯಂತ್ರ ತಾನಾಗಿಯೇ ತಿರುಗಿತು.

ಪಂಪ್‌ಸೆಟ್ ಇರುವವರಿಗೆ ಗೊತ್ತು, ಗುಂಡಿ ಒತ್ತುವ ಸ್ಟಾರ್ಟರ್‌ನಲ್ಲಿ ಕರೆಂಟ್ ಹೋದೊಡನೆ ಒಳಗಿನ ಕಾಯಿಲ್ ಬಿಟ್ಟುಕೊಂಡು ಸಂಪರ್ಕ ಕಡಿಯುತ್ತದೆ. ಮತ್ತೆ ಹಸಿರು ಗುಂಡಿ ಒತ್ತದೆ ಮೋಟಾರ್ ಓಡುವುದಿಲ್ಲ. ಈ ಯಂತ್ರದಲ್ಲಿ ಸ್ಟಾರ್ಟರ್ ಪೆಟ್ಟಿಗೆಯೇನೋ ಇತ್ತು, ಒಳಗೆ ಮಾತ್ರ ಆ ಕಾಯಿಲ್ ತಪ್ಪಿಸಿ ಮೋಟಾರ್‌ಗೆ ಡೈರೆಕ್ಟ್ ಕರೆಂಟ್ ಕೊಟ್ಟಿದ್ದರು. ವೋಲ್ಟೇಜ್ ಇಳಿದಾಗಲೆಲ್ಲ ಮೋಟಾರ್ ನಿಲ್ಲುತ್ತದೆ, ಕೆಲಸ ಸಾಗುವುದಿಲ್ಲ, ಅದಕ್ಕೇ ಹೀಗೆ ಮಾಡಿಸಿದ್ದು ಎಂದು ಮಾಲೀಕರು ಆಮೇಲೆ ಹೇಳಿದರು. ಸೋಗೆ ಹಾಕುವ ಬಾಯಿಯ ತಗಡನ್ನೂ ಕತ್ತರಿಸಿ ಗಿಡ್ಡ ಮಾಡಿಸಿದ್ದರು. ಅದು ಉದ್ದವಿದ್ದಿದ್ದರೆ ಕೈ ಬ್ಲೇಡಿನವರೆಗೆ ಎಟುಕುತ್ತಲೇ ಇರಲಿಲ್ಲ. ಇದನ್ನು ನಾನು ಅಪಘಾತ ಎಂದು ಕರೆಯಲಾರೆ. ಅದೇ ಯಂತ್ರ ಈಗ ಇನ್ನೊಂದು ತೋಟದಲ್ಲಿ ಓಡುತ್ತಿದೆ.

ಯಂತ್ರ ಮನೆಗೆ ಬಂದ ಕೂಡಲೇ ಎಲ್ಲರನ್ನೂ ದೂರ ನಿಲ್ಲಿಸಿ ಖಾಲಿ ಓಡಿಸಿ. ಓಡುತ್ತಿರುವಾಗಲೇ ಮೇನ್ ಸ್ವಿಚ್ ಆಫ್ ಮಾಡಿ, ಚಕ್ರ ಪೂರ್ತಿ ನಿಂತ ಮೇಲೆ ಮತ್ತೆ ಹಾಕಿ. ತಾನಾಗಿ ತಿರುಗಿದರೆ ಅಲ್ಲಿಂದಲೇ ವಾಪಸ್ ಕಳುಹಿಸಿ, ಮುಂಗಡ ಹೋದರೂ ಚಿಂತೆಯಿಲ್ಲ. ಕರೆಂಟ್ ಬಂದೊಡನೆ ಮೋಟಾರನ್ನು ತಾನೇ ಓಡಿಸುವ, ಬಾವಿಯ ಪಂಪಿಗೆ ಹಾಕುವ ಆಟೋ ಸ್ಟಾರ್ಟರ್ ಇದಕ್ಕೆ ಬೇಡವೇ ಬೇಡ. ನಾರು ಸಿಕ್ಕಿಕೊಂಡರೆ ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ, ಚಕ್ರ ಪೂರ್ತಿ ನಿಂತ ಮೇಲೆ ಕೋಲಿನಿಂದ ಬಿಡಿಸಿ. ಭಾರದ ಚಕ್ರ ಆಫ್ ಆದ ಮೇಲೂ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ.

ಬೆರಳು ಜಜ್ಜಿಹೋಗಿದ್ದರಿಂದ ವೈದ್ಯರಿಗೆ ಜೋಡಿಸಲಾಗಲಿಲ್ಲ. ಆದರೂ ಇದು ತಿಳಿದಿರಲಿ: ತುಂಡಾದ ಬೆರಳನ್ನು ನೇರವಾಗಿ ಐಸ್‌ನಲ್ಲಿ ಹಾಕಬಾರದು. ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕಟ್ಟಿ, ಆ ಚೀಲವನ್ನು ಐಸ್ ಇರುವ ಪಾತ್ರೆಯಲ್ಲಿಟ್ಟು ಒಯ್ಯಬೇಕು. ಗಾಯದ ಮೇಲೆ ಬಟ್ಟೆ ಒತ್ತಿ ಹಿಡಿದು, ಕೈಯನ್ನು ಎತ್ತರಿಸಿಟ್ಟು ಹೊರಡಿ.

ಯಂತ್ರವಿಲ್ಲದೆಯೂ ಗೊಬ್ಬರವಾಗುತ್ತದೆ. ಸೋಗೆಯನ್ನು ಕತ್ತಿಯಿಂದ ಗೇಣುದ್ದ ಕಡಿದು, ಸಗಣಿ ಬಗ್ಗಡ ಚಿಮುಕಿಸಿ, ಹಸಿ ಸೊಪ್ಪಿನ ಜೊತೆ ಪದರ ಪದರವಾಗಿ ಒಟ್ಟಿ ತೇವ ಆರದಂತೆ ನೋಡಿಕೊಂಡರೆ ಸಾಕು. ಪುಡಿ ಮಾಡಿದ್ದಕ್ಕಿಂತ ಕೆಲವು ತಿಂಗಳು ತಡವಾಗಬಹುದು. ನಾವೀಗ ಹಾಗೆಯೇ ಮಾಡುತ್ತಿದ್ದೇವೆ.