ಮೆಗ್ನೀಸಿಯಂ ಮಿಶ್ರಲೋಹ: ಎಝಡ್91 ಬೇಕಾ, ಎಎಂ60 ಸಾಕಾ?

ಅಚ್ಚು ಎರಕದ ಭಾಗ ಅಂದಕೂಡಲೇ ಎದುರಾಗುವುದು ಈ ಎರಡು. ಎಝಡ್91ರಲ್ಲಿ ಸುಮಾರು 9% ಅಲ್ಯೂಮಿನಿಯಂ, 1% ಸತು. ಅಚ್ಚಿನಲ್ಲಿ ಚೆನ್ನಾಗಿ ಹರಿಯುತ್ತದೆ, ಗಟ್ಟಿಯೂ ಹೌದು. ಆದರೆ ಅಲ್ಯೂಮಿನಿಯಂ ಜಾಸ್ತಿಯಾದಷ್ಟೂ ಲೋಹದೊಳಗಿನ ಸಣ್ಣ ಹರಳುಗಳ ಅಂಚಿನಲ್ಲಿ ಮೆಗ್ನೀಸಿಯಂ-ಅಲ್ಯೂಮಿನಿಯಂ ಸಂಯುಕ್ತ ಕೂರುತ್ತದೆ. ಅದು ಪೆಡಸು. ಎಳೆದರೆ ಬಿರುಕು ಅಲ್ಲಿಂದಲೇ ಶುರು. ಸುಮಾರು 3% ಹಿಗ್ಗುವಷ್ಟರಲ್ಲಿ ಮುರಿಯುತ್ತದೆ. ಗೇರ್‌ಬಾಕ್ಸ್ ಕವಚಕ್ಕೆ ಅಷ್ಟು ಸಾಕು ಬಿಡಿ.

ಎಎಂ60ರಲ್ಲಿ ಅಲ್ಯೂಮಿನಿಯಂ 6%, ಜೊತೆಗೆ ಚೂರು ಮ್ಯಾಂಗನೀಸ್. ಬಲ ಸ್ವಲ್ಪ ಕಡಿಮೆ, ಹಿಗ್ಗುವುದು ಎರಡು ಪಟ್ಟಾದರೂ ಹೆಚ್ಚು. ಡಿಕ್ಕಿಯಾದಾಗ ಮುರಿಯದೆ ಬಾಗಬೇಕಲ್ವಾ? ಸ್ಟೀರಿಂಗ್ ಚಕ್ರ, ಸೀಟಿನ ಚೌಕಟ್ಟಿಗೆ ನನ್ನ ಆಯ್ಕೆ ಇದೇ.

120 ಡಿಗ್ರಿ ಸೆಲ್ಸಿಯಸ್ ದಾಟಿದರೆ ಎರಡೂ ಮೆತ್ತಗಾಗುತ್ತವೆ. ಅಲ್ಲಿ ಯಿಟ್ರಿಯಂ, ನಿಯೋಡಿಮಿಯಂ ಎಂಬ ಲೋಹಗಳು ಬೆರೆತ ಡಬ್ಲ್ಯುಇ43ನಂಥ ಮೆಗ್ನೀಸಿಯಂ ಮಿಶ್ರಲೋಹ ಬೇಕು. ಬೆಲೆ ಮಾತ್ರ ಬಲು ದುಬಾರಿ, ಸುಮ್ನೆ ಆಸೆಪಟ್ಟು ಕೊಳ್ಳಬೇಡಿ.