ಎಲ್.ಎ. ನ್ವಾರ್, ಮೂರು ವರ್ಷ ಆಡಿದ್ಮೇಲೆ: ಹ್ಯೂಗೋ ಮೊಲರ್ ವಿಷಯದಲ್ಲಿ ನಂಗಿನ್ನೂ ಸಮಾಧಾನ ಇಲ್ಲ

ಗ್ರಾಫಿಕ್ಸು, ಸೈಜು ಅದೆಲ್ಲ ಬೇರೆ ರಿವ್ಯೂಗಳಲ್ಲಿ ನೀವು ಆಗ್ಲೇ ನೋಡಿರ್ತೀರ, ನಾನು ಬರೆಯಲ್ಲ. 2011ರ ಪತ್ತೇದಾರಿ ವಿಡಿಯೋ ಗೇಮು, ನಾವೇ ಪೊಲೀಸಾಗಿ ವಿಚಾರಣೆ ಮಾಡಿ, ಎದುರಿಗಿರೋನು ನಿಜ ಹೇಳ್ತಿದಾನೋ ಸುಳ್ಳೋ ಅಂತ ಬಟನ್ ಒತ್ತಿ ಹೇಳ್ಬೇಕು. ನನ್ನ ಹತ್ರ ಇರೋದು 2017ರಲ್ಲಿ ಪಿಎಸ್4 ಅನ್ನೋ ಗೇಮ್ ಮಷೀನಿಗೆ ಬಂದಿದ್ದು, ಸೆಕೆಂಡ್ ಹ್ಯಾಂಡ್ ಡಿಸ್ಕ್, 900 ರೂಪಾಯಿ. ಹೊಸ ಗೇಮಿಗೆ ಸಾವಿರಗಟ್ಟಲೆ ಸುರಿಯೋಕೆ ನಮ್ಮ ಕೈಲಾಗಲ್ಲ, ಹಂಗಾಗಿ ಒಂದು ತಗೊಂಡ್ರೆ ಅದನ್ನೇ ವರ್ಷಾನುಗಟ್ಲೆ ಆಡ್ತೀನಿ, ಇದನ್ನ ನಾಲ್ಕು ಸಲ ಮುಗಿಸಿದೀನಿ.

ತುಮಕೂರಲ್ಲಿ ಶಿರಾಗೇಟ್ ಹತ್ರ ನಮ್ದು ಚಿಕ್ಕ ದಿನಸಿ ಅಂಗಡಿ. ರಾತ್ರಿ ಒಂಬತ್ತೂವರೆಗೆ ಶಟರ್ ಎಳ್ದು, ಮುದ್ದೆ ಉಂಡು, ಟಿವಿ ಹಾಕಿದ್ರೆ ಅಮ್ಮನೂ ಬಂದು ಪಕ್ಕದಲ್ಲಿ ಕೂರ್ತಾಳೆ, ಅವರೆಕಾಯಿ ಕಾಲ ಆದ್ರೆ ನೆನೆಸಿದ ಕಾಳಿನ ಪಾತ್ರೆ ಮುಂದಿಟ್ಕೊಂಡು ಹಿಚುಕ್ತಾ ಹಿಚುಕ್ತಾ ನೋಡ್ತಾಳೆ. ಇಂಗ್ಲಿಷ್ ಒಂದಕ್ಷರ ಬರಲ್ಲ ಅವಳಿಗೆ. ಆದ್ರೆ ಈ ಗೇಮಲ್ಲಿ ನಿಜವಾದ ನಟರ ಮುಖಾನ 32 ಕ್ಯಾಮೆರಾ ಇಟ್ಟು ಹಿಡಿದಿದಾರೆ, ಸುಳ್ಳು ಹೇಳೋನ ಕಣ್ಣು ಪಕ್ಕಕ್ಕೆ ಜಾರುತ್ತೆ, ಎಂಜಲು ನುಂಗೋದು ಕಾಣುತ್ತೆ, ತುಟಿ ಬಿಗಿಯಾಗುತ್ತೆ. ಅಷ್ಟು ಕಂಡ್ರೆ ಸಾಕು ಅಮ್ಮನ ಬೆರಳು ನಿಂತೋಗುತ್ತೆ. ಸಿಪ್ಪೆ ಅರ್ಧ ಬಿಟ್ಟ ಕಾಳು ಕೈಯಲ್ಲೇ ಇರುತ್ತೆ, "ಏನೋ ಮುಚ್ಚಿಡ್ತಾವ್ನೆ ಕಣೋ ಇವ್ನು" ಅಂತಾಳೆ. ಮೂವತ್ತು ವರ್ಷ ಗಲ್ಲಾ ಮುಂದೆ ಕೂತು ಸಾಲ ಕೇಳೋರ ಮುಖ ನೋಡಿರೋಳು. ನಾನು ಸಬ್‌ಟೈಟಲ್ ಓದೋದು ಬಿಟ್ಟು ಅವಳ ಕೈ ನೋಡಿ ಬಟನ್ ಒತ್ತೋದು ಅಭ್ಯಾಸ ಆಗೋಯ್ತು.

ಇಲ್ಲಿಂದ ಮುಂದೆ ಕಥೆ ಗುಟ್ಟು ಹೇಳ್ತೀನಿ, ಆಡದೇ ಇರೋರು ಇಲ್ಲಿಗೇ ಬಿಡಿ.

1947ರ ಲಾಸ್ ಏಂಜಲೀಸು, ಹೋಮಿಸೈಡಲ್ಲಿ, ಅಂದ್ರೆ ಕೊಲೆ ಕೇಸ್ ನೋಡೋ ವಿಭಾಗದಲ್ಲಿ, ಎರಡನೇ ಕೇಸು, ದಿ ಗೋಲ್ಡನ್ ಬಟರ್‌ಫ್ಲೈ. ಸತ್ತಿರೋ ಡೀಡ್ರಾಳ ಗಂಡ ಈ ಹ್ಯೂಗೋ ಮೊಲರ್. ಹೆಂಡ್ತಿಗೆ ಹೊಡೀತಿದ್ದ, ಸಿಟ್ಟಿನ ಮನುಷ್ಯ, ಮೇಲಾಗಿ ಹಿತ್ತಲಲ್ಲಿ ರಕ್ತ ಆಗಿರೋ ಶೂ ಸುಡೋಕೆ ಹೋಗಿ ಸಿಕ್ಕಾಕೋತಾನೆ. ಇನ್ನೇನು ಬೇಕು, ಇವ್ನೇ ಅಂತ ನಾನು ತೀರ್ಮಾನ ಮಾಡಾಗಿತ್ತು. ಅಮ್ಮ ಮಾತ್ರ, "ಹೊಡ್ದಿರ್ತಾನೆ, ಇಲ್ಲ ಅನ್ನಲ್ಲ. ಆದ್ರೆ ಇವ್ನು ಹೆದ್ರಿರೋನು, ಕೊಂದಿರೋನಲ್ಲ" ಅಂದ್ಲು. ನಾನು ಕೇಳ್ಲಿಲ್ಲ, ಒಳಗೆ ಹಾಕ್ಸಿದೆ. ಕೇಸ್ ಮುಗಿದ್ಮೇಲೆ ಗೇಮು ಐದಕ್ಕೆ ಇಷ್ಟು ಅಂತ ಸ್ಟಾರ್ ಕೊಡುತ್ತೆ, ಅದು ಕಮ್ಮಿ ಬಂತು. ಎರಡನೇ ಸಲ ಪಕ್ಕದ ವಿಚಾರಣೆ ರೂಮಲ್ಲಿರೋ ಈಲೈ ರೂನಿ, ಮಕ್ಕಳಿಗೆ ಕಾಟ ಕೊಟ್ಟ ಹಳೇ ಕೇಸ್ ಇರೋನು, ಅವನ ಮೇಲೆ ಚಾರ್ಜ್ ಹಾಕಿದ್ರೆ ನಮ್ಮ ಮೇಲಧಿಕಾರಿ ಕ್ಯಾಪ್ಟನ್ ಡೊನೆಲಿಗೆ ಖುಷಿಯೋ ಖುಷಿ, ಐದಕ್ಕೈದು ಸ್ಟಾರ್.

ಆದ್ರೆ ಅವನೂ ಕೊಂದಿಲ್ಲ! ಆರನೇ ಕೇಸಿಗೆ ಬಂದಾಗ ಗೊತ್ತಾಗುತ್ತೆ, ಹೋಮಿಸೈಡಿನ ಈ ಕೇಸುಗಳಲ್ಲೆಲ್ಲ ಕೊಂದವ್ನು ಒಬ್ಬನೇ ಬಾರ್‌ಟೆಂಡರು, ನಾವು ಒಳಗೆ ಹಾಕಿದೋರೆಲ್ಲ ಆ ಕೊಲೆಗಳನ್ನ ಮಾಡದೇ ಇರೋರು. ನನ್ನ ತಕರಾರು ಇರೋದೇ ಇಲ್ಲಿ. ಮುಖ ನೋಡಿ ನಿಜ ಕಂಡುಹಿಡಿ ಅಂತ ಗಂಟೆಗಟ್ಲೆ ಕಲಿಸಿಬಿಟ್ಟು, ಅಮ್ಮನ ಥರ ಸರಿಯಾಗಿ ಕಂಡುಹಿಡಿದೋರಿಗೆ "ಇಬ್ರೂ ಅಲ್ಲ" ಅನ್ನೋಕೆ ಒಂದು ಬಟನ್ ಕೊಡಲ್ಲ ಅಂದ್ರೆ ಹೊಟ್ಟೆ ಉರಿಯುತ್ತೆ. ಒಬ್ಬನ್ನ ಬಲಿ ಕೊಡ್ಲೇಬೇಕು, ಅದಕ್ಕೇ ಸ್ಟಾರು. ಮೊದಲ ಸಲ ಇದು ಗೊತ್ತಾದ ದಿನ ಡಿಸ್ಕ್ ತೆಗೆದು ಎರಡು ತಿಂಗಳು ಮುಟ್ಲಿಲ್ಲ.

ಮತ್ತೆ ಹಾಕಿಸಿದ್ದು ಅಮ್ಮನೇ. ಕಾಳು ನೆನೆಸಿಟ್ಟು "ಆ ಪೊಲೀಸಪ್ಪಂದು ಹಾಕೋ" ಅಂದ್ಲು. ಈಗ್ಲೂ ಆ ವಿಚಾರಣೆ ರೂಮಲ್ಲಿ ಹ್ಯೂಗೋ ಮುಖ ಹತ್ರ ಬಂದ್ರೆ ನಾವಿಬ್ರೂ ಮಾತಾಡಲ್ಲ, ಇಷ್ಟು ಜೀವ ಇರೋ ಮುಖ ನಾನು ಬೇರೆ ಯಾವ ಗೇಮಲ್ಲೂ ನೋಡಿಲ್ಲ. 900 ರೂಪಾಯಿಗೆ ಸಿಕ್ಕಿದ್ರೆ ಕಣ್ಣು ಮುಚ್ಕೊಂಡು ತಗೊಳ್ಳಿ, ನನ್ನ ಕಡೆಯಿಂದ ಐದಕ್ಕೆ ನಾಲ್ಕು.

ಆ ಒಂದು ಎಲ್ಲೋಯ್ತು ಅಂದ್ರೆ, ಹ್ಯೂಗೋಗೆ ಮಿಶೆಲ್ ಅಂತ ಒಬ್ಳು ಮಗಳಿದಾಳೆ. ಒಳಗಿರೋರನ್ನ ಸದ್ದಿಲ್ಲದೆ ಬಿಟ್ಬಿಡ್ತೀವಿ ಅಂತ ಡೊನೆಲಿ ಕೊನೇಲಿ ಹೇಳ್ತಾನೆ ಅಷ್ಟೇ, ಗೇಮು ಆ ಮನೆ ಕಡೆ ಮತ್ತೆ ತಲೆ ಹಾಕಲ್ಲ. ಪ್ರತಿ ಸಲ ಮುಗಿದಾಗ್ಲೂ ಅಮ್ಮ ಸಿಪ್ಪೆ ಬಾಚ್ಕೊಂಡು ಏಳ್ತಾ ಕೇಳ್ತಾಳೆ, "ಆ ಹುಡ್ಗಿ ಹತ್ರಕ್ಕೆ ಅವ್ರಪ್ಪ ಬಂದ್ನೇನೋ?"